ಎಡಗೈ ಸಾ, ತಪ್ಪು ತಿಳ್ಕಬ್ಯಾಡಿ

ಕಣ್ಣು ಕಂಡದ್ದನ್ನು ಕೈ ಎಷ್ಟು ಬೇಗ ಮಾಡುತ್ತದೆ ಎಂದು ಅಳೆಯುವುದು ನನ್ನ ಕಸುಬಾಗಿತ್ತು. ಒಂದು ಕೈಯಲ್ಲಿ ಗಡಿಯಾರ ಹಿಡಿದು ಇನ್ನೊಬ್ಬರ ಕೈಯನ್ನೇ ದಿಟ್ಟಿಸುತ್ತಾ ಕೂರುವ ಇಂಥ ಉದ್ಯೋಗದಲ್ಲಿ ದಿನಕ್ಕೊಂದು ಎಡವಟ್ಟು ಆಗದಿದ್ದರೇ ಆಶ್ಚರ್ಯ. ಆ ಎಡವಟ್ಟುಗಳು ಪರೀಕ್ಷೆಗೆ ಕೂತವರಿಂದ ಆಗುತ್ತಿದ್ದದ್ದು ಕಡಿಮೆ, ಪರೀಕ್ಷೆ ಮಾಡುವ ನಮ್ಮಿಂದಲೇ ಹೆಚ್ಚು ಎನ್ನುವುದು ಮಾತ್ರ ನನಗೆ ತಡವಾಗಿ ತಿಳಿಯಿತು.

ಇಸವಿ ಎರಡು ಸಾವಿರ ದಾಟಿ ಮೂರು ನಾಲ್ಕು ವರ್ಷವಾಗಿತ್ತು. ಬಿಡದಿಯಿಂದ ಈಚೆಗೆ ಹೆದ್ದಾರಿಯ ಉದ್ದಕ್ಕೂ ರಾಗಿ ಹೊಲಗಳಿಗೆ ತಂತಿಬೇಲಿ ಬಿದ್ದು, ಬೇಲಿಯೊಳಗೆ ತಗಡಿನ ಚಾವಣಿಯ ಕಾರ್ಖಾನೆಗಳು ಏಳುತ್ತಿದ್ದ ಕಾಲ. ಚನ್ನಪಟ್ಟಣದ ಅಂಚಿನಲ್ಲಿ, ಮುಂಚೆ ರೇಷ್ಮೆ ಗೂಡಿನ ಗೋದಾಮಾಗಿದ್ದ ಕಟ್ಟಡದಲ್ಲಿ ನಮ್ಮ ತರಬೇತಿ ಕೇಂದ್ರವಿತ್ತು. ಕೈಗೋ ಕಣ್ಣಿಗೋ ಪೆಟ್ಟಾದ ಸೈನಿಕರು ಅಲ್ಲಿಗೆ ಬರುತ್ತಿದ್ದರು. ಅವರ ಕಣ್ಣಿಗೂ ಕೈಗೂ ಮತ್ತೆ ಮಾತುಕತೆ ಶುರುಮಾಡಿಸಿ ಕೆಲಸಕ್ಕೆ ಕಳಿಸುವುದು ನಮ್ಮ ಹೊಣೆ. ನಡೆಸುತ್ತಿದ್ದವರು ಒಬ್ಬ ನಿವೃತ್ತ ಮೇಜರ್ ಸಾಹೇಬರು. ಒಳ್ಳೆಯ ಮನುಷ್ಯ. ಯಾವ ಮಾತನ್ನೇ ಆಗಲಿ ಮೂರು ಪ್ರತಿ ಟೈಪ್ ಮಾಡಿಸಿದರೆ ಅದು ಸತ್ಯವಾಗುತ್ತದೆ ಎಂಬುದೊಂದು ನಂಬಿಕೆ ಅವರಿಗಿತ್ತು, ಅಷ್ಟೇ.

ಅಲ್ಲಿದ್ದವರ ಪೈಕಿ ಬೈರಾಪಟ್ಟಣದ ಕಡೆಯ ಒಬ್ಬ ಹವಾಲ್ದಾರರು ನನಗೆ ಬಹಳ ಹತ್ತಿರವಾದರು. ಗುಡ್ಡದ ರಸ್ತೆಯಲ್ಲಿ ಜೀಪು ಮಗುಚಿ ಬಲಗೈಯ ನರ ಜಜ್ಜಿಹೋಗಿತ್ತು. ಆಪರೇಷನ್ ಆಗಿತ್ತು. ಬೆರಳು ಬಂದರೂ ಬಂತು, ಇಲ್ಲದಿದ್ದರೂ ಇಲ್ಲ ಎಂದು ಡಾಕ್ಟರು ಕೈತೊಳೆದುಕೊಂಡಿದ್ದರು. ಆರು ತಿಂಗಳಲ್ಲಿ ದೊಡ್ಡ ಅಧಿಕಾರಿಗಳ ಮಂಡಳಿ ಬರುತ್ತದೆ, ಅವರೆದುರು ಎಡಗೈ ಪರೀಕ್ಷೆಯಲ್ಲಿ ಪಾಸಾದರೆ ಸ್ಟೋರಿನಲ್ಲಿ ಕೆಲಸ, ಇಲ್ಲವಾದರೆ ಮನೆ ಎಂದು ತೀರ್ಮಾನವಾಗಿತ್ತು.

"ಮನೇಲಿ ಅಣ್ತಮ್ಮದೀರು ಒಳ್ಳೇರೇ ಸಾ," ಎಂದಿದ್ದರು ಹವಾಲ್ದಾರರು. "ಜಗಲಿ ಮ್ಯಾಲೆ ಕೂರಿಸಿ ಮೂರೊತ್ತೂ ಹಿಟ್ಟಿಕ್ತಾರೆ. ಅದ್ಕೇ ಭಯ."

ಆ ಮಾತು ನನ್ನ ಎದೆಯಲ್ಲಿ ಕೂತುಬಿಟ್ಟಿತ್ತು. ಇನ್ನೊಂದು ವಿಷಯವನ್ನೂ ನಾನು ಗಮನಿಸಿದ್ದೆ. ಅವರು ಊಟಕ್ಕೆ ಗೋಡೆ ಕಡೆ ಮುಖ ಮಾಡಿ ಕೂರುತ್ತಿದ್ದರು. ಎಡಗೈಯಲ್ಲಿ ಚಮಚ ಹಿಡಿದು ಮುದ್ದೆ ತಿನ್ನುವುದನ್ನು ಬೇರೆಯವರು ನೋಡಬಾರದೆಂದು.

ಕರೆಂಟು ದಂಡ

ಕೇಂದ್ರಕ್ಕೆ ಮೊದಲು ಬಂದದ್ದು ದೀಪದ ಹಲಗೆ. ಹೊರದೇಶದ್ದು. ಬಾಗಿಲಿನಷ್ಟು ಅಗಲದ ಹಲಗೆಯ ತುಂಬ ಸಣ್ಣ ಸಣ್ಣ ದೀಪಗಳು. ಯಾವುದು ಹೊತ್ತಿಕೊಳ್ಳುತ್ತದೋ ಅದನ್ನು ತಟ್ಟಬೇಕು, ತಟ್ಟಿದರೆ ಆರುತ್ತದೆ, ಇನ್ನೆಲ್ಲೋ ಮತ್ತೊಂದು ಹೊತ್ತುತ್ತದೆ. ಒಂದು ನಿಮಿಷ ಆದಮೇಲೆ ಕೆಳಗಿನ ಸೀಳಿನಿಂದ ಅಂಕದ ಚೀಟಿ ಬರುತ್ತದೆ. ಮನುಷ್ಯನ ಚುರುಕನ್ನು ಇದಕ್ಕಿಂತ ನಿಖರವಾಗಿ ಅಳೆಯುವ ಯಂತ್ರ ಲೋಕದಲ್ಲೇ ಇಲ್ಲ ಎಂದು ಅದರ ಪುಸ್ತಕದ ಮೊದಲ ಪುಟದಲ್ಲೇ ಬರೆದಿತ್ತು.

ಉದ್ಘಾಟನೆಗೆ ಬೆಂಗಳೂರಿನಿಂದ ಒಬ್ಬ ದೊಡ್ಡ ಸಾಹೇಬರು ಬಂದರು. ಯಂತ್ರಕ್ಕೆ ಅರಿಶಿನ ಕುಂಕುಮ ಇಟ್ಟೆವು, ಗಂಧ ಹಚ್ಚಿದೆವು, ಹೂವಿನ ಹಾರ ಹಾಕಿದೆವು. ಸಾಹೇಬರು ಕೋಟಿನ ತೋಳು ಮಡಚಿ ಹಲಗೆಯ ಮುಂದೆ ನಿಂತು ನಾಲ್ಕು ದೀಪ ತಟ್ಟಿದರು. ಐದನೆಯದಕ್ಕೆ ಕೈ ಎತ್ತುವಷ್ಟರಲ್ಲಿ ಕರೆಂಟು ಹೋಯಿತು. ನಮ್ಮ ಕಡೆ ಕರೆಂಟು ಗಣ್ಯರಿಗೆ ತೋರಿಸುವ ಮರ್ಯಾದೆಯೇ ಅಷ್ಟು. ಎಲ್ಲರೂ ಕಾಫಿ ಉಪ್ಪಿಟ್ಟಿಗೆ ಎದ್ದುಹೋದರು.

ಆ ಹೊತ್ತಿನಲ್ಲಿ ನಮ್ಮ ಆಯಮ್ಮ ಒದ್ದೆ ಬಟ್ಟೆ ಹಿಡಿದು ಒಳಗೆ ಬಂದಳು. ಕೇಂದ್ರದ ಕಸ ಗುಡಿಸಿ ನೆಲ ಒರೆಸುವವಳು ಆಕೆ. ಅದಕ್ಕೂ ಮುಂಚೆ ಇಪ್ಪತ್ತು ವರ್ಷ, ಗೂಡಿನಿಂದ ನೂಲು ತೆಗೆಯುವ ರೇಷ್ಮೆ ಬಿಚ್ಚಾಣಿಕೆಯಲ್ಲಿ ದುಡಿದವಳು. ಹಲಗೆಗೆ ಮೆತ್ತಿದ್ದ ಗಂಧ ಕುಂಕುಮ ಒರೆಸಲು ಶುರುಮಾಡಿದಳು. ಕರೆಂಟು ಬಂತು. ಐದು ನಿಮಿಷದ ನಂತರ ಮೇಜರ್ ಸಾಹೇಬರು ಬಂದು ನೋಡಿದರೆ ಸೀಳಿನಿಂದ ಒಂದು ಚೀಟಿ ನಾಲಿಗೆ ಚಾಚಿತ್ತು. ಎಪ್ಪತ್ತೊಂದು! ಪುಸ್ತಕದ ಪ್ರಕಾರ ಐವತ್ತು ಮುಟ್ಟಿದವನು ಯುದ್ಧವಿಮಾನ ಹಾರಿಸಬಹುದು. ಸಾಹೇಬರ ಅಂಕ ಎಂದು ಅವರು ಗಟ್ಟಿಯಾಗಿ ಓದಿದರು, ಎಲ್ಲರೂ ಉಪ್ಪಿಟ್ಟಿನ ಕೈಯಲ್ಲೇ ಚಪ್ಪಾಳೆ ತಟ್ಟಿದರು. ದೊಡ್ಡ ಸಾಹೇಬರು, "ಚಿಕ್ಕಂದಿನಲ್ಲಿ ನಾನು ಟೇಬಲ್ ಟೆನಿಸ್ ಆಡುತ್ತಿದ್ದೆ," ಎಂದು ವಿನಯದಿಂದ ಒಪ್ಪಿಕೊಂಡರು. ಪ್ರಮಾಣಪತ್ರ ಮೂರು ಪ್ರತಿ ಟೈಪ್ ಆಯಿತು.

ಕಾರು ಹೋದ ಮೇಲೆ ನನಗೆ ಅನುಮಾನ ಬಂದು ಆಯಮ್ಮನನ್ನು ಕೇಳಿದೆ.

"ನಾನೇನ್ ಮಾಡ್ದೆ ಸಾ? ಒರೆಸ್ತಾ ಇದ್ದೆ. ಅಲ್ಲೊಂದು ದೀಪ ಹತ್ಕತು, ಆರಿಸ್ದೆ. ಇಲ್ಲೊಂದು ಹತ್ಕತು, ಅದನ್ನೂ ಆರಿಸ್ದೆ. ಹಾಳಾದ್ದು ಆರಿಸ್ದಷ್ಟೂ ಹತ್ಕತದೆ! ಹಗಲೊತ್ತಲ್ಲಿ ದೀಪ ಉರೀತಾ ಇದ್ರೆ ಕರೆಂಟು ದಂಡ ಅಲ್ವಾ?"

"ಇಷ್ಟು ಬೇಗ ಹೇಗೆ ಆರಿಸಿದೆಯಮ್ಮ?"

"ಬಿಸ್ನೀರಲ್ಲಿ ಕುಣಿಯೋ ಗೂಡಿನ ಎಳೆ ಹುಡುಕಿ ಹಿಡಿಯೋಳು ನಾನು. ಇಲ್ಲಿ ನೀರೂ ಇಲ್ಲ, ಹಬೇನೂ ಇಲ್ಲ. ಇದೂ ಒಂದು ಕೆಲ್ಸವಾ?"

ಓಡಿಹೋಗಿ ಮೇಜರ್ ಸಾಹೇಬರಿಗೆ ಹೇಳಿದೆ. ಅವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು, "ಮೂರು ಪ್ರತಿ ಆಗಿಹೋಗಿದೆಯಲ್ಲ ಮೇಷ್ಟ್ರೇ," ಎಂದರು. ಆ ದೊಡ್ಡ ಸಾಹೇಬರ ಕಚೇರಿಯ ಗೋಡೆಯಲ್ಲಿ ನಮ್ಮ ಆಯಮ್ಮನ ನೆಲ ಒರೆಸುವ ಬಟ್ಟೆಯ ಅಂಕ ಗಾಜಿನ ಚೌಕಟ್ಟಿನೊಳಗೆ ಬಹುಕಾಲ ಮಿನುಗುತ್ತಿತ್ತಂತೆ.

ಹೊಳಪಿಗೆ ಓಡಿದ ಸೈನ್ಯ

ದೀಪದ ಹಲಗೆ ಎರಡು ತಿಂಗಳಿಗೆ ಸುಟ್ಟುಹೋಯಿತು. ಕಂಪನಿಯವರಿಗೆ ಬರೆದೆವು. ಯಂತ್ರಕ್ಕೆ ಶುದ್ಧವಾದ ವಿದ್ಯುತ್ತನ್ನೇ ಕೊಡಬೇಕು ಎಂದು ಉತ್ತರ ಬಂತು. ಶುದ್ಧವಾದ ನೀರಿಗೇ ನಾವು ಕೊಡ ಹಿಡಿದು ಸಾಲು ನಿಲ್ಲುತ್ತಿದ್ದೆವು, ಇನ್ನು ವಿದ್ಯುತ್ತಿಗೆ ಎಲ್ಲಿ ಹೋಗೋಣ? ಹವಾಲ್ದಾರರ ಎಡಗೈ ಅಭ್ಯಾಸ ನಿಂತುಹೋಯಿತು, ಮಂಡಳಿ ಬರುವ ದಿನ ಮಾತ್ರ ನಿಲ್ಲದೆ ಹತ್ತಿರವಾಗುತ್ತಿತ್ತು.

ಪುಸ್ತಕ ತಿರುವಿದಾಗ ಕರೆಂಟಿಲ್ಲದ ಪರೀಕ್ಷೆಯೊಂದು ಸಿಕ್ಕಿತು. ಒಂದು ಮರದ ಹಲಗೆ, ಅದರಲ್ಲಿ ಇಪ್ಪತ್ತೈದು ತೂತು, ತೂತಿಗೊಂದು ಸಣ್ಣ ಗೂಟ. ಗೂಟಗಳನ್ನು ಕೂರಿಸುವುದು, ಕೀಳುವುದು, ಎತ್ತಿ ಇನ್ನೊಬ್ಬರ ಕೈಗೆ ಕೊಡುವುದು. ಇದಕ್ಕೆ ಹೊರದೇಶಕ್ಕೆ ಏಕೆ ಹೋಗಬೇಕು? ಎರಡು ಬೀದಿ ಆಚೆಗೆ ಬೊಂಬೆ ಮಾಡುವ ಚಾಚಾ ಇದ್ದರು. ಊರಿಗೆಲ್ಲ ಅವರು ಚಾಚಾ.

ಮೇಜರ್ ಸಾಹೇಬರು ಮಿಲಿಮೀಟರ್ ಲೆಕ್ಕದಲ್ಲಿ ನಕ್ಷೆ ಬರೆದು, ಮೂರು ಪ್ರತಿ ಮಾಡಿಸಿ, ಒಂದನ್ನು ಚಾಚಾಗೆ ಕೊಟ್ಟರು. ಚಾಚಾ ಒಂದು ಸಲ ನೋಡಿದರು, ನಾಲ್ಕು ಮಡಿಕೆ ಮಡಚಿದರು, ಅಲ್ಲಾಡುತ್ತಿದ್ದ ಲೇತಿನ ಕಾಲಿನ ಕೆಳಗೆ ಒತ್ತಿಟ್ಟರು. "ನಕ್ಷೆ ಚೆನ್ನಾಗೈತೆ ಸಾಬ್. ಎಷ್ಟು ದಿನದಿಂದ ಅಲ್ಲಾಡ್ತಿತ್ತು ಇದು," ಎಂದರು.

ವಾರದಲ್ಲಿ ಗೂಟಗಳು ಬಂದವು. ಅಳೆದು ನೋಡಿದರೆ ಒಂದಕ್ಕೂ ಇನ್ನೊಂದಕ್ಕೂ ಕೂದಲೆಳೆಯ ವ್ಯತ್ಯಾಸವಿಲ್ಲ. ಆದರೆ ಒಂದೊಂದೂ ಕೆಂಪು, ಹಳದಿ, ಹಸಿರು ಅರಗಿನಲ್ಲಿ ಥಳಥಳ ಹೊಳೆಯುತ್ತಿತ್ತು, ಮುಟ್ಟಿದರೆ ಬೆಣ್ಣೆ ಮುಟ್ಟಿದ ಹಾಗೆ ಜಾರುತ್ತಿತ್ತು. ಸೈನಿಕರು ಎತ್ತುತ್ತಿದ್ದರು, ಗೂಟ ಬೀಳುತ್ತಿತ್ತು, ಬಗ್ಗಿ ಮೇಜಿನ ಕೆಳಗೆ ಹುಡುಕುತ್ತಿದ್ದರು. ಎಲ್ಲರ ಅಂಕವೂ ಒಂದೇ ವಾರದಲ್ಲಿ ಪಾತಾಳಕ್ಕಿಳಿಯಿತು. ಮೇಜರ್ ಸಾಹೇಬರು ಸೈನಿಕರ ಚುರುಕು ತೀವ್ರವಾಗಿ ಕುಸಿದಿದೆ ಎಂದು ವರದಿ ಬರೆದು, ನಾನು ತಡೆಯುವಷ್ಟರಲ್ಲಿ ಮೂರು ಪ್ರತಿ ಕಳಿಸಿಬಿಟ್ಟರು. ಮೇಲಿನಿಂದ ಆದೇಶ ಬಂತು: ಚುರುಕು ಹೆಚ್ಚಿಸಲು ಎಲ್ಲರಿಗೂ ದಿನಾ ಬೆಳಿಗ್ಗೆ ಮೂರು ಮೈಲಿ ಓಟ.

ನಾನು ಚಾಚಾ ಹತ್ತಿರ ಹೋಗಿ, ಹೊಳಪು ಸ್ವಲ್ಪ ಮಂಕು ಮಾಡಿಕೊಡಿ ಎಂದು ಬೇಡಿಕೊಂಡೆ.

"ಮಂಕಾ?" ಚಾಚಾ ಲೇತು ನಿಲ್ಲಿಸಿದರು. "ಅರೇ ಮೇಷ್ಟ್ರೇ, ನಮ್ಮಂಗ್ಡೀಲಿ ಮಂಕು ಸಾಮಾನು ಮಾಡಿದ್ರೆ ನಮ್ಮಪ್ಪ ಗೋರಿಯಿಂದ ಎದ್ದು ಬತ್ತಾರೆ. ಹೊಳಪು ತೆಗೆಯಲ್ಲ. ಸೊಂಟಕ್ಕೆ ಒಂದು ಗೀರು ಹಾಕ್ತೀನಿ, ಬೆರಳು ಕೂತ್ಕತದೆ. ತೂತೂ ಒಸಿ ಅಗಲ ಮಾಡ್ತೀನಿ, ಪೆಟ್ಟಾದ ಕೈ ಅಲ್ವಾ."

ನನ್ನ ಜೊತೆ ಬಂದಿದ್ದ ಹವಾಲ್ದಾರರ ಬಲಗೈಯನ್ನು ಅವರು ತಮ್ಮ ಕೈಗೆ ತೆಗೆದುಕೊಂಡು, ಮರದ ತುಂಡನ್ನು ನೋಡುವ ಹಾಗೆ ಒತ್ತಿ ತಿರುಗಿಸಿ ನೋಡಿದರು. "ಸತ್ತಿಲ್ಲ ಇದು. ಮುನಿಸ್ಕೊಂಡೈತೆ," ಎಂದರು. ಹವಾಲ್ದಾರರು ಕೈ ಹಿಂದಕ್ಕೆಳೆದುಕೊಂಡರು.

ಗೀರು ಹಾಕಿದ ಗೂಟ ಬಂದ ಮೇಲೆ ಅಂಕಗಳು ಮೊದಲಿನ ಹಾಗಾದವು. ಓಟದಿಂದಲೇ ಚುರುಕು ಬಂತು ಎಂದು ಮೇಲಿನವರು ಮೆಚ್ಚುಗೆ ಪತ್ರ ಕಳಿಸಿ, ಮೂರು ಮೈಲಿಯನ್ನು ಐದು ಮಾಡಿದರು.

ಗುಣಿಗೆ ಎರಡು

ನಮ್ಮ ಗೂಟದ ಹಲಗೆಯ ಕೀರ್ತಿ ಹೆದ್ದಾರಿ ಬದಿಯ ಒಂದು ಗಾರ್ಮೆಂಟ್ಸ್ ಕಾರ್ಖಾನೆಯವರೆಗೂ ಹೋಯಿತು. ಅವರಿಗೆ ಕೈ ಚುರುಕಾದ ಹೆಂಗಸರು ಬೇಕಿತ್ತು. ಪರೀಕ್ಷೆ ಮಾಡಿಕೊಡಿ ಎಂದು ಒಂದು ವ್ಯಾನಿನ ತುಂಬ ಕಳಿಸಿದರು. ಜೊತೆಗೆ ಟೈ ಕಟ್ಟಿದ ಮ್ಯಾನೇಜರೊಬ್ಬರು.

ಅವರಲ್ಲಿ ಮಾಗಡಿ ತಾಲ್ಲೂಕಿನ ಕಲ್ಯದ ಕಡೆಯಿಂದ ಬಂದ ಒಬ್ಬ ಹೆಂಗಸಿದ್ದಳು. ಹಲಗೆ ನೋಡಿದಳು, ಸೆರಗು ಸೊಂಟಕ್ಕೆ ಸಿಕ್ಕಿಸಿದಳು, ಎಡಗೈಯಲ್ಲಿ ಗೂಟಗಳನ್ನು ಮಡಿಲಿಗೆ ತುಂಬಿಕೊಂಡು ಬಲಗೈಯಲ್ಲಿ ಟಪಟಪ ಹಾಕತೊಡಗಿದಳು. ಅಂಥ ವೇಗ ನಾನು ಆಯಮ್ಮನ ನಂತರ ನೋಡಿದ್ದೇ ಇಲ್ಲ. ಆದರೆ ಅರ್ಧ ಹಲಗೆಗೆ ಗೂಟ ಮುಗಿದುಹೋಯಿತು. ನೋಡಿದರೆ ಚಾಚಾ ಅಗಲ ಮಾಡಿದ್ದ ಒಂದೊಂದು ತೂತಿಗೂ ಎರಡೆರಡು ಗೂಟ ತುರುಕಿದ್ದಾಳೆ.

"ಒಂದೊಂದೇ ಹಾಕಬೇಕಮ್ಮ," ಎಂದೆ.

"ಒಂದು ಹುಟ್ಟದೆ ಹೋದ್ರೆ?"

"ಮರದ ಗೂಟ ಹುಟ್ಟುತ್ತೇನಮ್ಮ?"

"ಈಗ ಹಿಂಗಂತೀರಿ. ಆಮ್ಯಾಕೆ ಸಾಲು ಖಾಲಿ ಹೊಡುದ್ರೆ ಬಯ್ಯೋರೂ ನೀವೇಯಾ. ಅವರೆಕಾಳು ಗುಣಿಗೆ ಎರಡು ಹಾಕ್ಬೇಕು. ಇರೋದೇ ಹಂಗೆ."

ಮೂಲೆಯಲ್ಲಿ ಕೂತಿದ್ದ ಹವಾಲ್ದಾರರು ಜೋರಾಗಿ ನಕ್ಕುಬಿಟ್ಟರು. ಅವರು ನಕ್ಕದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು. ಮ್ಯಾನೇಜರಿಗೆ ಮಾತ್ರ ನಗು ಬರಲಿಲ್ಲ. ಹೇಳಿದ ಮಾತು ಕೇಳುವುದಿಲ್ಲ ಎಂದು ಬರೆದುಕೊಂಡರು. ಆದರೂ ಜನ ಸಾಲದೆ ಆಕೆಯನ್ನೂ ಸೇರಿಸಿಕೊಂಡು ಅಂಗಿಗೆ ಗುಂಡಿ ಹೊಲಿಯಲು ಕೂರಿಸಿದರು.

ವರ್ಷದ ನಂತರ ಅದೇ ಮ್ಯಾನೇಜರು ಬಸ್‌ ಸ್ಟ್ಯಾಂಡಿನಲ್ಲಿ ಸಿಕ್ಕಿ, ಗುಂಡಿ ಕಿತ್ತುಬಂತೆಂದು ಹೊರದೇಶದಿಂದ ರಾಶಿ ರಾಶಿ ಅಂಗಿ ವಾಪಸ್ ಬಂದಿವೆ ಎಂದು ಗೋಳಾಡಿದರು. ಒಬ್ಬಳು ಹೊಲಿದವು ಮಾತ್ರ ಒಂದೂ ವಾಪಸ್ ಬಂದಿರಲಿಲ್ಲವಂತೆ. ಆಕೆ ಹೇಳಿದ ಮಾತು ಕೇಳದೆ ಪ್ರತಿ ಗುಂಡಿಯನ್ನೂ ಎರಡೆರಡು ಸಲ ಹೊಲಿದಿದ್ದಳು.

ಇಪ್ಪತ್ತೈದು ಕ್ಷಮಾಪಣೆ

ಈಗ ಹವಾಲ್ದಾರರ ಪರೀಕ್ಷೆಗೆ ಬರುತ್ತೇನೆ. ಸ್ಟೋರಿನ ಕೆಲಸವೆಂದರೆ ಸಾಮಾನು ಎತ್ತಿ ಕೊಡುವ ಕೆಲಸ. ಆದ್ದರಿಂದ ಮಂಡಳಿಯ ನಿಯಮ ಹೀಗಿತ್ತು: ಎಡಗೈಯಲ್ಲಿ ಇಪ್ಪತ್ತೈದು ಗೂಟಗಳನ್ನು ಒಂದೊಂದಾಗಿ ಹಲಗೆಯಿಂದ ಕಿತ್ತು ಪರೀಕ್ಷಕರ ಅಂಗೈಗೆ ಕೊಡಬೇಕು. ಪರೀಕ್ಷಕರು ಅದನ್ನು ಡಬ್ಬಕ್ಕೆ ಹಾಕಿ ಮತ್ತೆ ಅಂಗೈ ಚಾಚುತ್ತಾರೆ. ಒಂದು ನಿಮಿಷದೊಳಗೆ ಮುಗಿಯಬೇಕು.

ಹವಾಲ್ದಾರರ ಎಡಗೈ ಅಷ್ಟರಲ್ಲಿ ಚೆನ್ನಾಗಿ ಪಳಗಿತ್ತು. ಕೀಳುವುದು ಸಲೀಸು, ಹಿಡಿತ ಗಟ್ಟಿ, ಕಣ್ಣು ಚುರುಕು. ನಾನು ಗಡಿಯಾರ ಒತ್ತಿ ಅಂಗೈ ಚಾಚಿದೆ.

ಮೊದಲ ಗೂಟ ಬಂತು. "ಎಡಗೈ ಸಾ, ತಪ್ಪು ತಿಳ್ಕಬ್ಯಾಡಿ."

"ಪರವಾಗಿಲ್ಲ, ಕೊಡಿ."

ಎರಡನೆಯದು. "ಎಡಗೈ ಸಾ, ತಪ್ಪು ತಿಳ್ಕಬ್ಯಾಡಿ."

"ಪರವಾಗಿಲ್ಲ ಹವಾಲ್ದಾರ್ರೇ."

ಮೂರನೆಯದು. "ಎಡಗೈ ಸಾ..."

ಎರಡು ನಿಮಿಷ ಹತ್ತು ಸೆಕೆಂಡು. ತಪ್ಪು ಅವರೊಬ್ಬರದೇ ಅಲ್ಲ, ಇಪ್ಪತ್ತೈದು ಸಲ ಪರವಾಗಿಲ್ಲ ಎಂದ ನನ್ನದೂ ಇತ್ತು. ಹಾಗೆನ್ನದೆ ಇರಲು ನನಗೂ ಆಗುತ್ತಿರಲಿಲ್ಲ. ನಮ್ಮಜ್ಜಿ ನನಗೂ ಅದೇ ಪಾಠ ಹೇಳಿಕೊಟ್ಟಿದ್ದಳು.

"ಏನೂ ಹೇಳಬೇಡಿ, ಸುಮ್ಮನೆ ಕೊಡಿ," ಎಂದೆ.

"ದೊಡ್ಡೋರಿಗೆ ಎಡಗೈಲಿ ಕೊಟ್ಟು ಸುಮ್ಕಿರದಾ? ನಮ್ಮವ್ವ ಹಂಗೆ ಬೆಳೆಸಿಲ್ಲ ಸಾ."

ಮೇಜರ್ ಸಾಹೇಬರು ಪರೀಕ್ಷಾ ಸಮಯದಲ್ಲಿ ಮೌನ ಪಾಲಿಸತಕ್ಕದ್ದು ಎಂದು ಮೂರು ಪ್ರತಿ ಆದೇಶ ಹೊರಡಿಸಿದರು. ಹವಾಲ್ದಾರರು ಶಿಸ್ತಿನ ಮನುಷ್ಯ, ಬಾಯಿ ಮುಚ್ಚಿದರು. ಆದರೆ ಪ್ರತಿ ಗೂಟಕ್ಕೂ ತಲೆ ತಗ್ಗಿಸಿ, ಆ ಸೊರಗಿದ ಬಲಗೈಯನ್ನು ಎಡ ಮೊಣಕೈಗೆ ತಾಗಿಸಿ, ನಿಧಾನಕ್ಕೆ ಒಪ್ಪಿಸತೊಡಗಿದರು. ಎರಡು ನಿಮಿಷ ನಲವತ್ತು ಸೆಕೆಂಡು. ಬಾಯಲ್ಲಿ ಹೇಳುವ ಕ್ಷಮೆಗಿಂತ ಮೈಯಲ್ಲಿ ಹೇಳುವ ಕ್ಷಮೆ ನಿಧಾನ ಎಂಬ ಶೋಧನೆಯೊಂದು ವಿಜ್ಞಾನಕ್ಕೆ ನಮ್ಮ ಕೇಂದ್ರದಿಂದ ಸಂದಿತು.

ಕೊನೆಗೆ ದಾರಿ ತೋರಿಸಿದವಳು ಆಯಮ್ಮ. ನೆಲ ಒರೆಸುತ್ತಲೇ, "ಸಾಲಾಗಿ ಯಾಕ್ ಕೇಳೀರಿ? ಒಟ್ಟಿಗೇ ಒಂದ್ಸಲ ಕೇಳ್ಕಬುಡಿ," ಎಂದಳು.

ಮರುದಿನ ಬೆಳಿಗ್ಗೆ ಹವಾಲ್ದಾರರು ಬಾಗಿಲಲ್ಲೇ ನಿಂತು, "ಇವತ್ತಿನ ಇಪ್ಪತ್ತೈದಕ್ಕೂ ತಪ್ಪು ತಿಳ್ಕಬ್ಯಾಡಿ ಸಾ," ಎಂದು ಕೈ ಮುಗಿದರು. ಇಪ್ಪತ್ತೈದಕ್ಕೂ ಪರವಾಗಿಲ್ಲ ಎಂದು ನಾನೂ ಸಗಟು ಮಂಜೂರು ಮಾಡಿದೆ. ಗಡಿಯಾರ ಒತ್ತಿದೆ. ಗೂಟಗಳು ಹಾರಿಬಂದವು. ಇಪ್ಪತ್ತು, ಇಪ್ಪತ್ತೊಂದು... ಇಪ್ಪತ್ತೆರಡನೆಯದು ನನ್ನ ಅಂಗೈಯಿಂದ ಜಾರಿ ಬಿತ್ತು. ಅದನ್ನು ಎತ್ತಿಕೊಂಡು ಹವಾಲ್ದಾರರು ನಿಂತುಬಿಟ್ಟರು.

"ಕೊಡಿ, ಕೊಡಿ!"

"ಸಾ, ಈಗ ಲೆಕ್ಕ ಇಪ್ಪತ್ತಾರು ಆಯ್ತದೆ. ಒಂದಕ್ಕೆ ಕೇಳಿಲ್ಲ."

ಅಂದಿನಿಂದ ಬೆಳಿಗ್ಗೆ ಮೂವತ್ತಕ್ಕೆ ಕ್ಷಮೆ ಕೇಳುವುದೆಂದು ನಿಶ್ಚಯವಾಯಿತು. ಐದು ಬೀಳುವ ಗೂಟಗಳಿಗೆ ಮುಂಗಡ. ಐವತ್ತೆಂಟು ಸೆಕೆಂಡಿಗೆ ಬಂದರು, ಐವತ್ತೈದಕ್ಕೆ ಇಳಿದರು. ಬಲಗೈ ಅಭ್ಯಾಸ ಮಾತ್ರ ಒಂದು ಹೆಜ್ಜೆಯೂ ಮುಂದೆ ಹೋಗಲಿಲ್ಲ. ದಿನಾ ಒಂದು ಗೂಟ ಮುಂದಿಟ್ಟು, ಹೆಬ್ಬೆರಳು ತೋರುಬೆರಳು ಸೇರಿಸಿ ಹಿಡಿಯಿರಿ ಎಂದರೆ, "ಬರಾಕಿಲ್ಲ ಸಾ," ಎಂದು ಕೈಯನ್ನು ಜೇಬಿಗೆ ಸೇರಿಸುತ್ತಿದ್ದರು. ಆಯಮ್ಮ ಶನಿವಾರ ದೇವಸ್ಥಾನದಿಂದ ಪ್ರಸಾದ ತಂದಾಗ ಮಾತ್ರ ಆ ಕೈ ಹೊರಗೆ ಬರುತ್ತಿತ್ತು. ಕೆಳಗೆ ಎಡಗೈ ಆಸರೆ ಕೊಟ್ಟು, ಬಲ ಅಂಗೈ ಚಾಚಿ ತೆಗೆದುಕೊಳ್ಳುತ್ತಿದ್ದರು. ನಾನು ನೋಡುತ್ತಿದ್ದೆ, ಆದರೆ ಅದರಿಂದ ಏನೂ ಕಲಿಯಲಿಲ್ಲ. ನಾನು ಓದಿದವನಲ್ಲವೇ.

ಒಳ್ಳೆಯ ಕಾಗದ

ಮಂಡಳಿ ಬಂತು. ಮೂರು ಜನ. ನಡುವೆ ಕೂತ ಕರ್ನಲ್ ಸಾಹೇಬರು ಉತ್ತರದ ಕಡೆಯವರು, ಗುಂಗುರು ಮೀಸೆ, ನಗು ಎಂಬುದು ಸರ್ಕಾರಿ ಆಸ್ತಿ, ಖರ್ಚು ಮಾಡಬಾರದು ಎನ್ನುವಂಥ ಮುಖ. ಪರೀಕ್ಷೆ ನಾನೇ ಮಾಡುತ್ತೇನೆ, ಕೇಂದ್ರದವರು ದೂರ ನಿಲ್ಲಿ ಎಂದುಬಿಟ್ಟರು.

ಮೂವತ್ತು ಕ್ಷಮೆಯ ಒಪ್ಪಂದ ಇದ್ದದ್ದು ನನ್ನ ಜೊತೆ, ಕರ್ನಲ್ ಜೊತೆಗಲ್ಲ. ಹವಾಲ್ದಾರರಿಗೆ ಹಿಂದಿ ಚೆನ್ನಾಗಿಯೇ ಬರುತ್ತಿತ್ತು. ಆದರೆ ಅಷ್ಟು ದೊಡ್ಡ ಅಧಿಕಾರಿಯ ಮುಂದೆ ಅವರಾಗಿ ಕೇಳದೆ ಬಾಯಿ ತೆರೆಯುವ ಹಾಗಿಲ್ಲ, ಅದು ಸೈನ್ಯದ ಶಿಸ್ತು. ಬಾಯಿ ತೆರೆಯದೆ ಎಡಗೈಯಲ್ಲಿ ಕೊಡುವ ಹಾಗಿಲ್ಲ, ಅದು ಅವ್ವನ ಶಿಸ್ತು. ಎರಡರ ನಡುವೆ ಸಿಕ್ಕಿಕೊಂಡು ಆ ಮನುಷ್ಯ ಹಲಗೆಯ ಮುಂದೆ ಬೆವರುತ್ತಾ ನಿಂತಿದ್ದರು. ಜಗಲಿ, ಮೂರು ಹೊತ್ತಿನ ಹಿಟ್ಟು ನನ್ನ ಕಣ್ಣ ಮುಂದೆಯೇ ಬಂದವು. ಬಾಗಿಲ ಹತ್ತಿರ ಆಯಮ್ಮ ಸೆರಗಿನ ತುದಿ ಕಚ್ಚಿ ನಿಂತಿದ್ದಳು.

ಕರ್ನಲ್ ಸಾಹೇಬರು ಬಲಗೈಯಲ್ಲಿ ಗಡಿಯಾರ ಹಿಡಿದರು. ಇನ್ನೊಂದು ಕೈಯನ್ನು ಚಾಚಿದರು. ಎಡಗೈ!

ಹವಾಲ್ದಾರರು ಆ ಅಂಗೈಯನ್ನು ನೋಡಿದರು. ಮುಖ ಅರಳಿತು. ತೆಗೆದುಕೊಳ್ಳುವವರೇ ಎಡಗೈ ನೀಡಿದ ಮೇಲೆ ಕೊಡುವವನದೇನು ತಪ್ಪು? ಇಬ್ಬರದೂ ಸಮಸಮ. ಗೂಟಗಳು ಹಲಗೆಯಿಂದ ಎದ್ದದ್ದು ಗೊತ್ತು, ಡಬ್ಬಕ್ಕೆ ಬಿದ್ದದ್ದು ಗೊತ್ತು, ನಡುವೆ ಏನಾಯಿತೆಂದು ಯಾರಿಗೂ ಕಾಣಲಿಲ್ಲ. ನಲವತ್ತೊಂಬತ್ತು ಸೆಕೆಂಡು! ಕರ್ನಲ್ ಗಡಿಯಾರವನ್ನು ಕಿವಿಗೆ ಹಿಡಿದು, ಓಡುತ್ತಿದೆಯೇ ಎಂದು ನೋಡಿಕೊಂಡರು.

ಮೇಜರ್ ಸಾಹೇಬರು ಮೊದಲೇ ಟೈಪ್ ಮಾಡಿಸಿಟ್ಟ ಕಾಗದಗಳನ್ನು ಮುಂದಿಟ್ಟರು. ಮೂರು ಪ್ರತಿ. ಬಲಗೈ ಉಪಯೋಗಕ್ಕಿಲ್ಲ, ಎಡಗೈ ಉತ್ತಮ, ಸ್ಟೋರಿನ ಕೆಲಸಕ್ಕೆ ಅರ್ಹ. ಕರ್ನಲ್ ಮೂರಕ್ಕೂ ಸಹಿ ಮಾಡಿ, ಪೆನ್ನು ಬಲಗೈಯಲ್ಲೇ ಇದ್ದದ್ದರಿಂದ, ಒಂದು ಪ್ರತಿಯನ್ನು ಎಡಗೈಯಲ್ಲಿ ಹವಾಲ್ದಾರರತ್ತ ಚಾಚಿದರು.

ಹವಾಲ್ದಾರರು ತೆಗೆದುಕೊಳ್ಳಲಿಲ್ಲ.

"ತಗೋ," ಎಂದರು ಕರ್ನಲ್ ಹಿಂದಿಯಲ್ಲಿ. ಹವಾಲ್ದಾರರು ನೆಟ್ಟಗೆ ನಿಂತೇ ಇದ್ದರು. ಮೇಜರ್ ಸಾಹೇಬರ ಮುಖ ಬಿಳುಚಿಕೊಂಡಿತು. ಮಂಡಳಿಯ ಉಳಿದಿಬ್ಬರು ಒಬ್ಬರನ್ನೊಬ್ಬರು ನೋಡಿಕೊಂಡರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವಲ್ಲ ದೇವರೇ ಎಂದು ನಾನು ಗೋಡೆ ಹಿಡಿದುಕೊಂಡೆ.

"ಯಾಕೆ ತೆಗೆದುಕೊಳ್ಳುತ್ತಿಲ್ಲ?" ಕರ್ನಲ್ ಗುಡುಗಿದರು.

ಈಗ ಕೇಳಿದ್ದಾರೆ, ಉತ್ತರ ಹೇಳಬಹುದು. ಹವಾಲ್ದಾರರು ಹಿಂದಿಯಲ್ಲಿ, ಬಹಳ ವಿನಯದಿಂದ, ಹೇಳಿದರು: "ಸಾಬ್, ಗೂಟ ಆದರೆ ನಡೀತದೆ. ಇದು ನನ್ನ ಅನ್ನದ ಕಾಗದ. ಒಳ್ಳೇ ಕಾಗದ ಎಡಗೈಯಲ್ಲಿ ಕೊಡಬಾರದು, ತಗೊಳ್ಳಲೂಬಾರದು."

ಕರ್ನಲ್ ಒಂದು ಕ್ಷಣ ಅವರನ್ನು ದಿಟ್ಟಿಸಿದರು. ಆಮೇಲೆ ಪೆನ್ನು ಮೇಜಿನ ಮೇಲಿಟ್ಟರು. ಕಾಗದವನ್ನು ಬಲಗೈಗೆ ಬದಲಾಯಿಸಿದರು. "ನಮ್ಮ ತಾಯಿಯೂ ಬಯ್ಯುತ್ತಿದ್ದರು. ತಪ್ಪು ತಿಳಿಯಬೇಡ," ಎಂದು ಮತ್ತೆ ಚಾಚಿದರು.

ಹವಾಲ್ದಾರರ ಬಲಗೈ ಜೇಬಿನಿಂದ ಹೊರಗೆ ಬಂತು. ಅದರ ಕೆಳಗೆ ಎಡಗೈ ಆಸರೆ ಕೊಟ್ಟಿತು. ಕೈ ಮೇಲೆದ್ದಿತು, ಕಾಗದದ ಹತ್ತಿರ ಹೋಯಿತು. ಹೆಬ್ಬೆರಳು ಒಂದು ಕಡೆಯಿಂದ, ತೋರುಬೆರಳು ಇನ್ನೊಂದು ಕಡೆಯಿಂದ ಬಂದು ಕಾಗದದ ಅಂಚನ್ನು ಹಿಡಿದವು. ಕರ್ನಲ್ ಕೈಬಿಟ್ಟರು. ಕಾಗದ ಬೀಳಲಿಲ್ಲ.

ಮೂರು ತಿಂಗಳು ನಾನು ಗೂಟ ಮುಂದಿಟ್ಟು ಗೋಗರೆದದ್ದು ಇದಕ್ಕೇ. ಹವಾಲ್ದಾರರು ತಮ್ಮ ಬೆರಳುಗಳನ್ನೇ ನೋಡುತ್ತಾ ನಿಂತಿದ್ದರು, ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ನನ್ನ ಕಣ್ಣೂ ತುಂಬಿಬಂತು, ನಾಚಿಕೆಯೇನಿಲ್ಲ. ಬಾಗಿಲಿನಿಂದ ಆಯಮ್ಮ, "ಅಯ್ಯೋ ಶಿವನೇ, ಕೈ ಬಂತು! ಬಲಗೈ ಬಂತು!" ಎಂದು ಕೂಗಿಯೇಬಿಟ್ಟಳು.

ಕರ್ನಲ್‌ಗೆ ಕನ್ನಡ ತಿಳಿಯದು. ನಾನು ವಿಷಯ ಹೇಳಲು ಮುಂದೆ ಹೆಜ್ಜೆಯಿಟ್ಟೆ. ಮೇಜರ್ ಸಾಹೇಬರು ನನ್ನ ರಟ್ಟೆ ಹಿಡಿದು ಹಿಂದಕ್ಕೆ ಎಳೆದು ಕಿವಿಯಲ್ಲಿ ಉಸುರಿದರು: "ಸುಮ್ಮನಿರಿ ಮೇಷ್ಟ್ರೇ! ಬಲಗೈ ಉಪಯೋಗಕ್ಕಿಲ್ಲ ಅಂತ ಸಹಿ ಆಗಿಹೋಗಿದೆ. ಮೂರು ಪ್ರತಿ!"

ಮಂಡಳಿಯ ಜೀಪು ಹೊರಟುಹೋದ ಮೇಲೆ ಅವರು ಹವಾಲ್ದಾರರನ್ನು ಕರೆದು, ಮುಂದಿನ ಮಂಡಳಿ ಬರುವವರೆಗೆ ಒಂದು ವರ್ಷ ಆ ಬಲಗೈ ದಾಖಲೆ ಪ್ರಕಾರ ಕೆಲಸ ಮಾಡುವ ಹಾಗಿಲ್ಲ, ಜೇಬಿನಲ್ಲೇ ಇರಲಿ ಎಂದು ಗಂಭೀರವಾಗಿ ತಿಳಿಸಿದರು.

"ಆಯ್ತು ಸಾ," ಎಂದರು ಹವಾಲ್ದಾರರು. ಬೆರಳುಗಳನ್ನು ಮಡಚಿ ಬಿಡಿಸಿ ಮಾಡುತ್ತಿದ್ದರು. "ಆದ್ರೆ ಇವತ್ತು ಮಧ್ಯಾಹ್ನಕ್ಕೆ ಮುದ್ದೆ ಮಾಡವ್ರೆ. ಉಣ್ಣೋವಾಗ ಏನ್ ಮಾಡ್ಲಿ?"

ಮೇಜರ್ ಸಾಹೇಬರು ಕನ್ನಡಕ ತೆಗೆದರು. ಬಹಳ ಹೊತ್ತು ಒರೆಸಿದರು. ಅವರ ಕಣ್ಣೂ ಒದ್ದೆಯಾಗಿತ್ತೆಂದು ಕಾಣುತ್ತದೆ.

"ಊಟಕ್ಕೆ ಒಂದು ವಿಶೇಷ ಅನುಮತಿಗೆ ಅರ್ಜಿ ಬರೆದುಕೊಡಿ," ಎಂದರು. "ಒಂದೇ ಪ್ರತಿ ಸಾಕು."